ಕೆಂಪು ಚಡ್ಡಿ ಬಾರದ ಸಂಜೆ

ಮೊಣಕಾಲಿಗೆ ತೊಡುವ ಹೊಸ ನೀ-ಕ್ಯಾಪಿನ ವಾಸನೆ ನಿಮಗೆ ಗೊತ್ತೇ? ಮಳೆಗಾಲದ ಮೊದಲ ದಿನ ಮಡಿಕೆ ಬಿಚ್ಚಿದ ರೇನ್‌ಕೋಟಿನದೇ ವಾಸನೆ. ಸೀವುಡ್ಸ್‌ನ ನಮ್ಮ ಮನೆಯ ಟೀಪಾಯಿಯ ಮೇಲೆ ಈಗ ಅಂಥದ್ದೊಂದು ಬಿದ್ದಿದೆ. ತಂದಿಟ್ಟವಳು ಮಗಳು ನೇಹಾ. ಬೇಲಾಪುರದ ಆಫೀಸು ಮುಗಿಸಿ ಬರುವ ನಾನು ಸ್ಟೇಷನ್ನಿನ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುವುದನ್ನು ಅವಳು ನೋಡಿಬಿಟ್ಟಳು. ಮೊಣಕಾಲಿಗೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ನಾನು "ನೋಡುವ" ಎಂದಿದ್ದೇನೆ.

ಈ "ನೋಡುವ" ನನ್ನದಲ್ಲ, ದೊಡ್ಡಮ್ಮನದು. ನನ್ನ ಕನ್ನಡದಲ್ಲಿ ಗಟ್ಟಿ ಇರುವುದೆಲ್ಲ ಅವಳಿಂದಲೇ ಬಂದದ್ದು, ತೆಳ್ಳಗಿರುವುದು ಶಾಲೆಯದು. ಉಡುಪಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಠಾಣೆಗೆ ಬಂದು, ವರ್ತಕ ನಗರದ ಎರಡು ಕೋಣೆಯ ಮನೆಯಲ್ಲಿ ನೆಲೆನಿಂತವಳು. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ವಾರಕ್ಕೊಮ್ಮೆ ಟೀವಿಯಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿಯನ್ನು ಅವಳಷ್ಟು ಶ್ರದ್ಧೆಯಿಂದ ನೋಡಿದವರನ್ನು ನಾನು ಕಾಣೆ. ಸಂಜೆ ದೇವರಿಗೆ ದೀಪ ಹಚ್ಚಿ, ಕೈಮುಗಿದು, ಅದೇ ಕೈಯಲ್ಲಿ ರಿಮೋಟು ಹಿಡಿಯುವುದು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, "ದೊಡ್ಡಮ್ಮ, ಅದೆಲ್ಲ ಸುಳ್ಳು, ಮೊದಲೇ ಮಾತಾಡಿಕೊಂಡಿರ್ತಾರೆ" ಎಂದೆ.

"ಎಂತ ಸುಳ್ಳು ಮಾರಾಯ? ಆಟದಲ್ಲಿ ರಾಕ್ಷಸ ಸಾಯ್ತಾನಲ್ಲ, ಅವ ನಿಜವಾಗಿ ಸಾಯ್ತಾನಾ? ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ತೆಗ್ದು ಚಾ ಕುಡೀತಾನೆ. ಹಾಗಂತ ನಾವು ರಾತ್ರಿ ನೋಡದೆ ಬಿಟ್ಟಿದ್ದೇವಾ?"

ಯಕ್ಷಗಾನದ ಬಯಲಾಟ ನೋಡುತ್ತ ಬೆಳೆದವಳ ಮುಂದೆ ನನ್ನ ಜಾಣತನ ಅಲ್ಲಿಗೇ ಮುಗಿಯಿತು.

ಪೈಲ್ವಾನರ ಹೆಸರು ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ಅವರ ವೇಷವೇ ಅವರ ಹೆಸರು. ಅವಳ ಮೆಚ್ಚಿನವನು ಕೆಂಪು ಚಡ್ಡಿ. ಅವನು ಹಗ್ಗದ ಮೇಲಿನಿಂದ ಜಿಗಿದರೆ ಇವಳು ಕೂತಲ್ಲೇ ಒಂದು ಗೇಣು ಏಳುತ್ತಿದ್ದಳು. ಹೀಗಿರಲು ಒಂದು ವಾರ ಕೆಂಪು ಚಡ್ಡಿಯ ಮೊಣಕಾಲು ಮುರಿದು, ಅವನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದರು. ದೊಡ್ಡಮ್ಮನ ಮೊಣಕಾಲೂ ಆಗ ಕೈಕೊಟ್ಟಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಸ್ಥಿತಿ. ಆಪರೇಷನ್ನಿಗೆ ಇನ್ನು ತಡಮಾಡಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಅವಳ ಮಗ ಸುಧಾಕರಣ್ಣ ದಿನಾ ಅಂಗಲಾಚುತ್ತಿದ್ದ. ಅವಳ ಉತ್ತರ ಒಂದೇ: "ನೋಡುವ. ಕೆಂಪು ಚಡ್ಡಿಯ ಕಾಲು ಸರಿಯಾಗ್ಲಿ. ಅವ ಒಂದು ಸಲ ಜಿಗಿದು ತೋರಿಸ್ಲಿ. ಮತ್ತೆ ನಂದು."

ಹಾಗಾಗಿ, ಬರುವ ವಾರ ಕೆಂಪು ಚಡ್ಡಿ ಮರಳಿ ಬರುತ್ತಾನೆಂದು ಟೀವಿಯವರು ಸಾರಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಸುಧಾಕರಣ್ಣ. ಕುಸ್ತಿ ಕಂಡರಾಗದ ಆ ಮನುಷ್ಯ ಕೆಂಪು ಚಡ್ಡಿಯ ಹೆಸರಿನಲ್ಲಿ ಗಣಪತಿಗೆ ತೆಂಗಿನಕಾಯಿ ಒಡೆಸಿದ. ಅಮೆರಿಕದ ಪೈಲ್ವಾನನ ಗೋತ್ರ ನಕ್ಷತ್ರ ಕೇಳಿ ಭಟ್ಟರು ಏನೆಂದರೋ, ಅವನು ನಮಗೆ ಹೇಳಲಿಲ್ಲ.

ಆ ಸಂಜೆ ಹೋಟೆಲು ಬಿಟ್ಟು ಗೋಳಿಬಜೆ ಕಟ್ಟಿಸಿಕೊಂಡು ಬಂದ. ನಾನಿದ್ದೆ. ಪಕ್ಕದ ಮನೆಯ ಮರಾಠಿ ಮಾವಶಿಯೂ ಬಂದು ಕೂತಳು. ಕುಸ್ತಿ ಶುರುವಾಯಿತು ಎನ್ನಬೇಕು, ಆದರೆ ಆಗಲಿಲ್ಲ. ಸೂಟು ತೊಟ್ಟವನೊಬ್ಬ ಬಂದು ಮಾತಾಡಿದ. ಇನ್ನೊಬ್ಬ ಸೂಟಿನವನು ಬಂದು ಅವನಿಗೆ ಉತ್ತರ ಕೊಟ್ಟ. ಹಳೆಯ ಕುಸ್ತಿಗಳನ್ನೇ ಮತ್ತೆ ತೋರಿಸಿದರು. ನಡುನಡುವೆ ಒಬ್ಬ ಬೋಳು ತಲೆಯವನನ್ನು ಕಣಕ್ಕೆ ಬಿಡುವುದು; ಬಂದವರೆಲ್ಲ ಅವನನ್ನು ಎತ್ತಿ ಒಗೆಯುವುದು. ಜಾಹೀರಾತು ಮುಗಿದು ನೋಡಿದರೆ ಮತ್ತೆ ಅವನೇ.

"ಇವತ್ತು ಕೆಂಪು ಚಡ್ಡಿ ಬರುವುದಿಲ್ಲ" ಎಂದಳು ದೊಡ್ಡಮ್ಮ.

"ಸುಮ್ನಿರಮ್ಮ, ಬರ್ತಾನೆ" ಎಂದ ಸುಧಾಕರಣ್ಣ. ಅವನ ಧ್ವನಿಯೇ ಬೇಡುವಂತಿತ್ತು.

"ಭಾಗವತ ಪದ್ಯ ಎಳೀತಿದ್ದಾನೆ, ಕಾಣುವುದಿಲ್ವಾ? ಚೌಕಿಯಲ್ಲಿ ವೇಷ ತಯಾರಿಲ್ಲದಿದ್ರೆ ಹೀಗೇ. ಹಾಸ್ಯಗಾರನನ್ನು ಬಿಟ್ಟು ಹೊತ್ತು ಕಳೆಯುವುದು."

ಕಡೆಗೆ ದೀಪಗಳೆಲ್ಲ ಆರಿದವು. ಕೆಂಪು ಚಡ್ಡಿಯ ಸಂಗೀತ ಮೊಳಗಿತು. ಹೊಗೆ ಎದ್ದಿತು. ನಾವು ಗೋಳಿಬಜೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದೆವು. ಹೊಗೆ ತಿಳಿಯಾಯಿತು, ಪರದೆಯ ಮೇಲೆ ಅವನದೊಂದು ಫೋಟೋ. ಬರುವ ವಾರ ನೋಡಿ ಎಂದು ಹೇಳಿ ಮುಗಿಸಿಬಿಟ್ಟರು.

"ಹೇ ಕಾಯ್? ಫಸವ್ಲಂ ಕೀ ಆಪಲ್ಯಾಲಾ!" ಎಂದು ಮಾವಶಿ ಮೋಸಹೋದ ಸಿಟ್ಟಿನಲ್ಲಿ ಸೆರಗು ಕೊಡವಿ ಎದ್ದಳು. ತೆಂಗಿನಕಾಯಿ ಒಡೆಸಿದ ಅಷ್ಟು ದೊಡ್ಡ ಆಳು ಸುಧಾಕರಣ್ಣ, ಪರೀಕ್ಷೆಯಲ್ಲಿ ಫೇಲಾದವನಂತೆ ನೆಲ ನೋಡುತ್ತ ಕೂತ.

ದೊಡ್ಡಮ್ಮ ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕೇಳಿದಳು: "ಆ ಬೋಳು ತಲೆಯವನ ಕಾಲು ನೋಡಿದ್ರಾ ಯಾರಾದ್ರೂ?"

ಯಾರೂ ನೋಡಿರಲಿಲ್ಲ. ನಮ್ಮ ಕಣ್ಣೆಲ್ಲ ಕೆಂಪು ಚಡ್ಡಿ ಬರುವ ಬಾಗಿಲ ಮೇಲೆ.

"ಎರಡೂ ಮೊಣಕಾಲಿಗೆ ಪಟ್ಟಿ ಉಂಟು. ಇಷ್ಟು ದಪ್ಪ. ಆಪರೇಷನ್ ಆದದ್ದೇ ಅದು. ಆದ್ರೂ ಎಷ್ಟು ಸಲ ಬಿದ್ದ, ಎಷ್ಟು ಸಲ ಎದ್ದ! ಸುಧಾಕರ, ಆ ಡಾಕ್ಟರಿಗೆ ಫೋನ್ ಮಾಡು. ನಿನ್ನ ಕೆಂಪು ಚಡ್ಡಿಯನ್ನು ಕಾದ್ರೆ ನಾನು ಚಟ್ಟದಲ್ಲೇ ಜಿಗಿಯಬೇಕಾದೀತು."

ಆಪರೇಷನ್ ಆಯಿತು. ದೊಡ್ಡಮ್ಮ ಮತ್ತೆ ನಡೆದಳು; ಸಾಯುವ ಕಾಲದವರೆಗೂ ತನ್ನ ತರಕಾರಿಯನ್ನು ತಾನೇ ಆರಿಸಿ ತಂದಳು. ಕೆಂಪು ಚಡ್ಡಿ ಎಂದಾದರೂ ಬಂದನೋ ಇಲ್ಲವೋ, ನನಗೆ ನೆನಪಿಲ್ಲ.

ಈ ಕಥೆಯನ್ನೆಲ್ಲ ನಿನ್ನೆ ನೇಹಾಳಿಗೆ ಹೇಳಿದೆ. ಇವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅದೆಲ್ಲಿಂದ ಹುಡುಕಿದಳೋ, ಊಟ ಮುಗಿಯುವಷ್ಟರಲ್ಲಿ ಅದೇ ಸಂಚಿಕೆಯನ್ನು ಫೋನಿನಲ್ಲಿ ಹಿಡಿದು ತಂದಳು. ಅದೇ ಸೂಟಿನವರು, ಅದೇ ಮಾತು. "ಪಪ್ಪಾ, ಇಸ್ ಮೇಂ ತೋ ಕುಛ್ ಹುವಾ ಹೀ ನಹೀಂ!" ಎಂದು ಆಕಳಿಸಿದಳು.

"ತಡಿ, ಬೋಳು ತಲೆಯವ ಬರ್ತಾನೆ."

ಬಂದ. ನಾನು ಕನ್ನಡಕ ಒರೆಸಿ ಬಗ್ಗಿ ನೋಡಿದೆ. ನಿಲ್ಲಿಸಿ ನೋಡಿದೆ, ಹಿಂದಕ್ಕೋಡಿಸಿ ನೋಡಿದೆ. ಅವನ ಮೊಣಕಾಲುಗಳು ಮಗುವಿನ ಕಾಲಿನಂತೆ ಬೋಳಾಗಿದ್ದವು. ಪಟ್ಟಿಯೂ ಇಲ್ಲ, ಗಾಯದ ಗೆರೆಯೂ ಇಲ್ಲ.

ನೇಹಾ ಫೋನಿನಿಂದ ತಲೆಯೆತ್ತಿದಳು. "ಪಟ್ಟಿ ಕಹಾಂ ಹೈ, ಪಪ್ಪಾ?"

ನನಗೆ ಸುಧಾಕರಣ್ಣನ ಆ ಮುಖ ನೆನಪಾಯಿತು. ಎದುರಿಗೆ ನೋಡಿದರೆ ಇವಳ ಮುಖ. ಟೀಪಾಯಿಯ ಮೇಲೆ ಇವಳು ತಂದಿಟ್ಟ ನೀ-ಕ್ಯಾಪು.

"ಸರಿಯಾಗಿ ನೋಡು, ಉಂಟು" ಎಂದೆ. "ಎರಡೂ ಕಾಲಿಗೆ. ಇಷ್ಟು ದಪ್ಪ. ಬೆಳಿಗ್ಗೆ ಆ ಡಾಕ್ಟರಿಗೆ ಫೋನ್ ಮಾಡು."