ಮಾವನ ಗೊರಕೆ

ಬಸ್ಸಿನಲ್ಲಿ ಪಕ್ಕದವರು ಗೊರಕೆ ಹೊಡೆದರೆ ನೀವೇನು ಮಾಡುತ್ತೀರಿ? ಮುಖ ಸಿಂಡರಿಸಿ ಕಿಟಕಿಯ ಕಡೆ ತಿರುಗುತ್ತೀರಿ. ತೀರಾ ಭುಜದ ಮೇಲೆ ಒರಗಿದರೆ ಮೆಲ್ಲಗೆ ಆಚೆ ತಳ್ಳುತ್ತೀರಿ. ನಾನು ಎಬ್ಬಿಸಿಬಿಡುತ್ತೇನೆ. ಇವತ್ತು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟ ಬಸ್ಸು ತಳಕು ದಾಟುತ್ತಿದ್ದಂತೆ, ಈರುಳ್ಳಿ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹಳ್ಳಿಯ ಯಜಮಾನರೊಬ್ಬರು ಗೊರಕೆ ಶುರು ಮಾಡಿದರು. ಒಳ್ಳೆಯ, ತುಂಬಿದ ಗೊರಕೆ. ನಡುವೆ ಒಮ್ಮೆ ನಿಂತಿತು. ತಕ್ಷಣ ಅವರ ರಟ್ಟೆ ಹಿಡಿದು ಅಲುಗಾಡಿಸಿದೆ.

"ಊರು ಬಂತಾ?" ಅಂತ ಅವರು ಚೀಲಕ್ಕೆ ಕೈ ಹಾಕಿದರು.

"ಇಲ್ಲ, ಸುಮ್ನೆ..."

"ಸುಮ್ನೆ ಅಂದ್ರೆ? ಏನ್ರಿ, ನಾನು ಸತ್ತೀನಿ ಅಂದ್ಕಂಡ್ರಾ?"

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ. ಹೌದು, ಹಾಗೆಯೇ ಅಂದುಕೊಂಡಿದ್ದೆ ಎಂದು ಹೇಳುವುದು ಹೇಗೆ?

ನನ್ನ ಈ ಚಾಳಿಗೆ ಕಾರಣ ನಾಗಭೂಷಣ ಮಾವ. ಅವ್ವನ ತಮ್ಮ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಅವನ ಮಗ್ಗ ಆಡುವಾಗ ಬಾಯಿಯೂ ಆಡಲೇಬೇಕು. ಕೈ ಲಾಳಿ ಓಡಿಸುತ್ತಿದ್ದರೆ ನಾಲಿಗೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಊರ ಸುದ್ದಿಯನ್ನೆಲ್ಲ ಓಡಿಸುತ್ತಿರುತ್ತದೆ. ನಾನು ಚಳ್ಳಕೆರೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವುದು ಅವನಿಗೆ ದೊಡ್ಡ ತಮಾಷೆ. "ಏಮಿರಾ ಮೇಷ್ಟ್ರೇ, ದೇಶ ಉದ್ಧಾರ ಆತಾ? ಇಲ್ಲಾ ಇನ್ನೂ ಟೈಮ್ ಐತಾ?" ಎಂದೇ ಸ್ವಾಗತ.

ಗುಂಡಿ ಮಗ್ಗದಲ್ಲಿ ವರ್ಷಗಟ್ಟಲೆ ಬಗ್ಗಿ ಕೂತ ಸೊಂಟ ಒಮ್ಮೆ ಕೈಕೊಟ್ಟಿತು. ಯಾರೋ ಪರಿಚಯದವರು ನೋವಿನ ಮಾತ್ರೆ ಕೊಟ್ಟರು. ನೋವು ಮಾಯವಾಯಿತು. ಆಮೇಲೆ ಮಾತ್ರೆ ಇಲ್ಲದ ದಿನ ಸೊಂಟವಷ್ಟೇ ಅಲ್ಲ, ಮೈಯೆಲ್ಲ ನೋಯತೊಡಗಿತು. ಮೂಗು ಸೋರುವುದು, ಬೆವರು, ಸಿಡುಕು, ಕಣ್ಣಿಗೆ ನಿದ್ದೆಯೇ ಇಲ್ಲ. ಇನ್ನೊಂದು ನುಂಗಿದರೆ ಎಲ್ಲ ಸರಿ. ಒಂದಿದ್ದದ್ದು ನೋಡನೋಡುತ್ತ ಅಂಗೈ ತುಂಬಾಯಿತು. ಇದನ್ನು ಚಟ ಎನ್ನಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಚಟ ಎಂದರೆ ಸಾರಾಯಿ, ಇಸ್ಪೀಟು. ಮಾತ್ರೆ ಔಷಧಿ ತಾನೆ?

ಹೀಗಿರುವಾಗ ಒಂದು ಮಧ್ಯಾಹ್ನ ಅವನನ್ನು ನೋಡಲು ಹೋದೆ. ಓಣಿಗೆ ಕಾಲಿಟ್ಟವನಿಗೆ ಕಿವಿ ಕೆಟ್ಟುಹೋಯಿತೇ ಅನ್ನಿಸಿತು. ಒಂದು ಮಗ್ಗವೂ ಆಡುತ್ತಿರಲಿಲ್ಲ. ಯಾರಾದರೂ ತೀರಿಕೊಂಡ ದಿನ ಬಿಟ್ಟರೆ ಆ ಓಣಿ ಅಷ್ಟು ಸದ್ದಡಗಿ ಕೂತದ್ದನ್ನು ನಾನು ಕಂಡಿರಲಿಲ್ಲ. ಎದುರು ಮನೆಯ ಈರಣ್ಣ, ಅವನೂ ನೇಕಾರನೇ, ಜಗುಲಿಯ ಮೇಲೆ ಕೂತು ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಕೆ ಹೋಗ್ರಿ. ನಿಮ್ಮಾವ ಮಲಗ್ಯಾನೆ. ಎಷ್ಟೋ ದಿನಕ್ಕೆ ಕಣ್ಣು ಹತ್ತೈತೆ ಪಾಪ. ಅದಕ್ಕೇ ಎಲ್ರೂ ಮಗ್ಗ ನಿಲ್ಸೀವಿ."

ಒಳಗೆ ಸರೋಜತ್ತೆ ಬಾಗಿಲಿಗೆ ಅಡ್ಡವಾಗಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಮಗ್ಗದ ಪಕ್ಕದ ಚಾಪೆಯ ಮೇಲೆ ಮಾವ. ನಾನು ಬಾಗಿದ್ದನ್ನು ಕಂಡು ಅವಳು ಕೈ ಹಿಡಿದೆಳೆದಳು. "ಪಡುಕೋನೀ," ಎಂದಳು ತೆಲುಗಿನಲ್ಲಿ. ಮಲಗಲಿ ಬಿಡು ಎಂದು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗುವಿತ್ತು. "ಗೊರಕೆ ಕೇಳು, ರೈಲು ಬಂದಂಗೈತೆ!"

ಕೇಳಿದೆ. ಎಂದಿನ ದಿನವಾಗಿದ್ದರೆ ಓಣಿಯ ಮಗ್ಗಗಳ ಸದ್ದಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಆ ಮೌನದಲ್ಲಿ ಎಲ್ಲ ಕೇಳಿಸಿತು. ಗಂಟಲಲ್ಲಿ ನೀರು ಗುಳುಗುಟ್ಟಿದಂಥ ಒಂದು ಗೊರಕೆ, ಆಮೇಲೆ ಏನೂ ಇಲ್ಲ. ಕಾದೆ. ಇನ್ನೊಂದು. ಮತ್ತೆ ಏನೂ ಇಲ್ಲ, ಈ ಸಲ ಇನ್ನೂ ಹೆಚ್ಚು ಹೊತ್ತು. ತುಟಿ ನೇರಳೆ ಹಣ್ಣು ತಿಂದವನ ತುಟಿಯಂತಿತ್ತು. ಹೆಸರು ಹಿಡಿದು ಕೂಗಿದೆ, ಕೆನ್ನೆಗೆ ತಟ್ಟಿದೆ, ಚಿವುಟಿದೆ. ರೆಪ್ಪೆ ಕೂಡ ಅಲುಗಲಿಲ್ಲ.

ಒಬ್ಬನ ನಿದ್ದೆಗಾಗಿ ಇಡೀ ಓಣಿ ಅಂದಿನ ಕೆಲಸವನ್ನೇ ನಿಲ್ಲಿಸಿತ್ತು. ಆ ಪ್ರೀತಿಯ ನಡುವೆ ಮಲಗಿ ಅವನು ಸಾಯುತ್ತಿದ್ದ.

ಸರ್ಕಾರಿ ಆಂಬುಲೆನ್ಸಿಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುದನಿ ಗಾಬರಿಯಿಲ್ಲದೆ ಒಂದೊಂದೇ ಮಾತು ಹೇಳಿತು: ಗಾಡಿ ಹೊರಟಿದೆ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಹಿಡಿದು ಬಾಯಿಗೆ ಬಾಯಿಟ್ಟು ಊದಿ. ಊದಿದೆ. ಎಲೆ ಅಡಿಕೆ, ಸುಣ್ಣದ ವಾಸನೆ. ಮಾವನ ಎದೆ ಏರಿತು, ಇಳಿಯಿತು. ಈಗಲೂ ತರಗತಿಯಲ್ಲಿ ಬೇಡಿಕೆ–ಪೂರೈಕೆ ವಿವರಿಸುವಾಗ ಥಟ್ಟನೆ ಆ ವಾಸನೆ ಬರುತ್ತದೆ, ಮಾತು ನಿಲ್ಲುತ್ತದೆ. ಹುಡುಗರು ಮೇಷ್ಟ್ರು ಗಹನವಾಗಿ ಯೋಚಿಸುತ್ತಿದ್ದಾರೆಂದು ಪೆನ್ನು ಹಿಡಿದು ಕಾಯುತ್ತಾರೆ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ರೆಪ್ಪೆ ಎತ್ತಿ ನೋಡಿದರು. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದ ಎಂದು ಕೇಳಿ, ಅದರ ಅಮಲನ್ನು ಇಳಿಸುವ ಸೂಜಿ ಕೊಟ್ಟರು. ಮಾವ ನೀರಿನಿಂದ ಎದ್ದವನಂತೆ ಉಸಿರೆಳೆದು ಕಣ್ಣು ಬಿಟ್ಟ. ಮೊದಲ ಮಾತು ಬೈಗಳು: "ಯಾಕ್ರಲೇ ಎಬ್ಬಿಸಿದ್ರಿ? ಈಗ ಕಣ್ಣು ಹತ್ತಿತ್ತು!" ನಾನು ಗೋಡೆಗೊರಗಿ ಅತ್ತುಬಿಟ್ಟೆ.

ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ವ್ಯಸನದ ಚಿಕಿತ್ಸೆಗೆಂದೇ ಸರ್ಕಾರದ ಒಂದು ವಿಭಾಗ. ಬೋರ್ಡು ಓದಿ ಸರೋಜತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. "ಇವ್ರು ಕುಡಿಯಲ್ಲ ಕಣಮ್ಮಾ, ಬೀಡಿನೂ ಸೇದಲ್ಲ," ಎಂದು ನರ್ಸಮ್ಮನ ಮುಂದೆ ವಾದಿಸಿದಳು. "ಗೊತ್ತು ಬಾರವ್ವ. ಆ ನೋವಿನ ಮಾತ್ರೆ ಅಫೀಮಿನ ಜಾತಿದು. ಅದು ಹಿಡಿದ್ರೆ ಬಿಡಲ್ಲ, ಬಿಡಿಸ್ಬೇಕು. ಸಕ್ಕರೆ ಕಾಯಿಲೆ ಬಂದ್ರೆ ನಾಚ್ಕೊಂತೀಯಾ?" ಎಂದಳು ನರ್ಸಮ್ಮ. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಕಾಲಿಟ್ಟಳು.

ಚಿಕಿತ್ಸೆಗೆ ಅವರು ಕೊಟ್ಟದ್ದೂ ಒಂದು ಮಾತ್ರೆಯೇ! ಹಳೆಯದರ ಹಂಬಲ ಅಡಗಿಸುವ ಮಾತ್ರೆ, ನರ್ಸಮ್ಮನ ಕಣ್ಣೆದುರೇ ನಾಲಿಗೆಯ ಕೆಳಗಿಟ್ಟುಕೊಳ್ಳಬೇಕು. ಪೂರಾ ಕರಗುವ ತನಕ ಮಾತಾಡುವಂತಿಲ್ಲ. ಮಾವನಂಥ ಮಾವನಿಗೆ! ಬೆಂಚಿನ ಮೇಲೆ ಕೂತು ಕಣ್ಣಲ್ಲೇ ಊರ ಸುದ್ದಿ ಹೇಳಲು ಒದ್ದಾಡುತ್ತಿದ್ದ. ಕರಗಿದ ಮೇಲೆ ಮೊದಲ ಮಾತು: "ಕಾಸಿಲ್ದೆ ಬಾಯಿ ಮುಚ್ಚಿಸ್ತೈತಲ್ಲಲೇ ಈ ಸರ್ಕಾರ!" ಮೊದಮೊದಲು ದಿನವೂ ಹೋಗಬೇಕಾದ್ದರಿಂದ, ಜಿಲ್ಲಾ ಆಸ್ಪತ್ರೆಗೆ ಹತ್ತಿರವೆಂದು, ಚಳ್ಳಕೆರೆಯ ನಮ್ಮ ಮನೆಯಲ್ಲೇ ಉಳಿದ.

ಸುಲಭವೇನೂ ಆಗಲಿಲ್ಲ. ಊರಿಗೆ ಮರಳಿದ ಮೇಲೆ ಮದುವೆ ಸೀರೆಗಳ ಭರಾಟೆಯಲ್ಲಿ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ. ಹಳೆಯ ಮಾತ್ರೆ ಮತ್ತೆ ಬಂತು. ನಾನು ಹೋಗಿ ಕೂಗಾಡಿದೆ. ಆಸ್ಪತ್ರೆಯ ಆಪ್ತಸಮಾಲೋಚಕರು ಮಾತ್ರ ಫೋನಿನಲ್ಲಿ, "ನಾಗಭೂಷಣ ಅವ್ರೇ, ಜಾರಿದ್ದು ಆಯ್ತು. ನಾಳೆ ಬನ್ನಿ, ನಿಮ್ಮ ಬೆಂಚು ಖಾಲಿ ಐತೆ," ಎಂದರಂತೆ. ಮರುದಿನ ಹೋದ. ಸೊಂಟಕ್ಕೆ ವ್ಯಾಯಾಮ ಕಲಿಸಿದರು. ಅವರ ಸಲಹೆಯಂತೆ ಮಗ್ಗದ ಕೂರುಹಲಗೆಯನ್ನು ಈರಣ್ಣ ಎತ್ತರಿಸಿ ಕೊಟ್ಟ. ಆಶಾ ಕಾರ್ಯಕರ್ತೆ ಓಣಿಯವರನ್ನೆಲ್ಲ ಕೂರಿಸಿ, ನೋವಿನ ಮಾತ್ರೆ ನುಂಗುವವರ ಗೊರಕೆ ವಿಚಿತ್ರವಾಗಿ ಕೇಳಿದರೆ ತಟ್ಟಿ ಎಬ್ಬಿಸಿ, ಏಳದಿದ್ದರೆ ಆಂಬುಲೆನ್ಸಿಗೆ ಹೇಳಿ ಎಂದು ವಿವರಿಸಿದಳು. ಈಗ ಅಲ್ಲಿ ಯಾರೂ ನೆಮ್ಮದಿಯಾಗಿ ಮಲಗುವ ಹಾಗಿಲ್ಲ ಎಂಬುದು ಮಾವನ ದೂರು.

ಬಸ್ಸಿಳಿದು ಓಣಿಗೆ ಬಂದೆ. ಎಲ್ಲ ಮಗ್ಗಗಳೂ ಟಕಪಕ ಟಕಪಕ ಎನ್ನುತ್ತಿದ್ದವು, ಒಂದನ್ನು ಬಿಟ್ಟು. ಎಂದಿನಂತೆ ಓಡುತ್ತಲೇ ಒಳಗೆ ಹೋದೆ. ಊಟ ಮುಗಿಸಿದ ಮಾವ ಅದೇ ಚಾಪೆಯ ಮೇಲೆ ಮಲಗಿದ್ದ. ಬಾಗಿ ಅವನ ಮೂಗಿನ ಬಳಿ ಬೆರಳಿಟ್ಟೆ. ಬೆಚ್ಚಗಿನ ಉಸಿರು. ತುಟಿ ಎಲೆ ಅಡಿಕೆಯಿಂದ ಕೆಂಪಗಿತ್ತು.

"ಐದೀನಿ ಕಣಲೇ," ಎಂದ ಕಣ್ಣು ತೆರೆಯದೆ. "ಮತ್ತೆ ಊದಬ್ಯಾಡ. ಅವತ್ತಿನ ನಿನ್ನ ಬೆಳ್ಳುಳ್ಳಿ ನಾತ ಇನ್ನೂ ಹೋಗಿಲ್ಲ."

ಮಗ್ಗುಲಾಗಿ ಮತ್ತೆ ಗೊರಕೆ ಶುರು ಮಾಡಿದ. ಅತ್ತೆ ಅಡಿಗೆಮನೆಯಿಂದ ಇಣುಕಿದಳು. "ಕಾಫಿಗೆ ಎಬ್ಬಿಸ್ಲಾ?"

ನಾನು ಗೋಡೆಗೊರಗಿ ಕೂತಿದ್ದೆ. ಮಗ್ಗಗಳ ಸದ್ದಿನಲ್ಲಿ ಗೊರಕೆ ಒಮ್ಮೊಮ್ಮೆ ಮುಳುಗಿಹೋಗುತ್ತಿತ್ತು. ಎದ್ದು ಹೋಗಿ ಮತ್ತೆ ಬೆರಳಿಡಬೇಕು ಅನ್ನಿಸಲಿಲ್ಲ.

"ಪಡುಕೋನೀ, ಅತ್ತೆ," ಎಂದೆ.