ಕಾಕುವಿನ ವಯಸ್ಸು ಹುಡುಕಿಕೊಂಡು ಕಾಗವಾಡಕ್ಕೆ

ಇಬ್ಬರಿಗೆ ಎರಡು ದಿನಕ್ಕೆ ಒಟ್ಟು ಐವತ್ತೆಂಟು ರೂಪಾಯಿ ಖರ್ಚಾಯಿತು. ಬಸ್ಸಿಗೆ ಮೂವತ್ತಾರು, ಚಹಾ-ಫಳಾರಕ್ಕೆ ಹನ್ನೆರಡು, ಪೇಢೆಗೆ ಹತ್ತು. ಪೇಢೆ ಯಾಕೆ ಎಂದು ಕೇಳಬೇಡಿ. ಬರಿಗೈಯಲ್ಲಿ ಹೆಣ್ಣುಮಗಳನ್ನು ತವರೂರಿಗೆ ಕರೆದುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ನಾವು ಹೋದದ್ದು ಒಂದು ಕಾಗದಕ್ಕಾಗಿ. ಸದಲಗಾದ ನಮ್ಮ ಸುಶೀಲಾ ಕಾಕುವಿಗೆ ಅರವತ್ತೈದು ತುಂಬಿದೆ ಎಂದು ಹೇಳುವ ಕಾಗದ. ಅದಿಲ್ಲದೆ ಸರಕಾರದ ವೃದ್ಧಾಪ್ಯ ವೇತನ ಸಿಗುತ್ತಿರಲಿಲ್ಲ.

ಕಾಕು ಎಂದರೆ ಚಿಕ್ಕಮ್ಮ; ಆದರೂ ಅವರು ನನಗೆ ರಕ್ತಸಂಬಂಧಿಯಲ್ಲ. ಎಂಬತ್ತರ ದಶಕದ ಮೊದಲಲ್ಲಿ ನಾನು ದನದ ಸಂತೆಗಳಲ್ಲಿ ಹಗ್ಗ, ಮೂಗುದಾರ, ಗೆಜ್ಜೆಸರ ಮಾರುತ್ತ ತಿರುಗುತ್ತಿದ್ದೆ. ಸರಕು ಇಡಲು ಅವರ ಪಡಸಾಲೆಯಲ್ಲಿ ಒಂದು ಮೂಲೆ ಕೇಳಿದೆ. ಬಾಡಿಗೆ ಎಷ್ಟು ಎಂದರೆ, "ಹಗ್ಗಕ್ಕೇನ್ ಬಾಡಗಿ ತಗೋಳೂದೋ ಬಾಳೂ? ಅದೇನ್ ರೊಟ್ಟಿ ತಿಂತೈತೇನು?" ಅಂದರು. ರೊಟ್ಟಿ ತಿನ್ನುವವನು ನಾನಿದ್ದೆ. ಅದಕ್ಕೂ ದುಡ್ಡು ಮುಟ್ಟಲಿಲ್ಲ. ಮುಂದೆ ಚಿಕ್ಕೋಡಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಎಷ್ಟೋ ಜನರ ಜೊತೆ ಚೌಕಾಸಿ ಮಾಡಿ ಗೆದ್ದಿದ್ದೇನೆ, ಕಾಕುವಿನ ಮುಂದೆ ಮಾತ್ರ ಒಮ್ಮೆಯೂ ಗೆದ್ದಿಲ್ಲ.

ಆ ಮನೆಯಲ್ಲಿ ಇಬ್ಬರೇ. ಕಾಕು ಮತ್ತು ಅವರ ತೀರಿಹೋದ ಗಂಡನ ಅಕ್ಕ. ಈ ಹಿರಿಯರನ್ನು ಊರೆಲ್ಲ ಅಕ್ಕಾತಾಯಿ ಎನ್ನುತ್ತಿತ್ತು. ಸಣ್ಣ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವರು. ಎಂಬತ್ತು ದಾಟಿತ್ತು, ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಇಬ್ಬರಿಗೂ ಮಕ್ಕಳಿಲ್ಲ; ಒಂದು ಎಮ್ಮೆಯ ಹಾಲಿನ ಮೇಲೆ ಸಂಸಾರ. ಅಕ್ಕಾತಾಯಿಯನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಕೂರಿಸಿ, ತೊಳೆದು, ಮಗ್ಗುಲು ಬದಲಿಸಿ ಕಾಕುವಿನ ಸೊಂಟ ಹಿಡಿದುಕೊಂಡಿತ್ತು. ವೇತನ ಬಂದರೆ ನೆರೆಮನೆಯ ಹಸೀನಾಳಿಗೆ ಒಂದಿಷ್ಟು ಕೊಟ್ಟು, ಬೆಳಿಗ್ಗೆ ಸಂಜೆ ಕರೆದು ಇಬ್ಬರೂ ಕೂಡಿ ಎತ್ತುವುದು ಎಂದು ಲೆಕ್ಕ ಹಾಕಿದ್ದೆವು. ಬರದಿದ್ದರೆ ಅಕ್ಕಾತಾಯಿಯ ತಂಗಿಯ ಮಗ ಇಚಲಕರಂಜಿಗೆ ಕರೆದೊಯ್ಯುವವನಿದ್ದ. ಮಗ್ಗದಲ್ಲಿ ದುಡಿಯುವ ಒಳ್ಳೆಯ ಹುಡುಗ. ಆದರೆ ಇರುವುದು ಮಾಳಿಗೆಯ ಮೇಲಿನ ಒಂದೇ ಕೋಣೆಯಲ್ಲಿ. "ಆ ನಿಚ್ಚಣಿಕಿ ಏರಿಸಿದ್ರ ನಾ ತಿರಗಿ ಇಳಿಯೂದು ಹೆಗಲ ಮ್ಯಾಲ" ಎಂದು ಅಕ್ಕಾತಾಯಿ ಖಂಡತುಂಡವಾಗಿ ಹೇಳಿದ್ದರು. ಯುಗಾದಿಗೆ ಬರುತ್ತೇನೆಂದು ಅವನು ಕಾಗದ ಬರೆದಿದ್ದ. ನಾವು ಹೊರಟದ್ದು ಫೆಬ್ರುವರಿ ಕೊನೆಗೆ.

ವಯಸ್ಸಿನ ದಾಖಲೆಗೆಂದು ಮೊದಲು ಸರಕಾರಿ ಡಾಕ್ಟರರ ಹತ್ತಿರ ಹೋಗಿದ್ದೆವು. ಅವರು ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿ, "ಹಲ್ಲು ಎಲ್ಲಾ ಗಟ್ಟಿ ಅದಾವ. ಅಂದಾಜು ಅರವತ್ತು" ಎಂದು ಬರೆದರು. ಕಾಕು ಹೊರಗೆ ಬಂದು, "ಹಲ್ಲ ನೋಡಿ ವರ್ಷ ಹೇಳಾಕ ನಾ ಏನ್ ಎಮ್ಮಿ ಏನೋ? ನೀನರ ಸಂತ್ಯಾಗಿನಾಂವ, ನಾಕ ಮಾತ ಹೇಳಬಾರದಾ?" ಎಂದು ನನ್ನ ಮೇಲೆ ಹರಿಹಾಯ್ದರು. ಅವರ ಲೆಕ್ಕದಲ್ಲಿ ಅರವತ್ತೆಂಟು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದ ಪ್ಲೇಗಿನ ವರ್ಷ ಹುಟ್ಟಿದವಳು ನೀನು ಎಂದು ಅವರ ತಾಯಿ ಹೇಳಿದ್ದರಂತೆ.

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಸದಲಗಾ ಬಿಟ್ಟೆವು. ಹೊರಡುವಾಗ ಕಾಕು ಹಸೀನಾಳಿಗೆ ಹೇಳಿದ್ದನ್ನೇ ಮೂರು ಸಲ ಹೇಳಿದರು. ಗಂಜಿ ಬಿಸಿ ಇರಬಾರದು, ತಂಪೂ ಇರಬಾರದು. ಎಡಮಗ್ಗುಲಿಗೆ ತಲೆದಿಂಬು. ರಾತ್ರಿ ಕೂಗಿದರೆ ಎದ್ದೇಳಬೇಕು. ಒಳಗಿನಿಂದ ಅಕ್ಕಾತಾಯಿ ಕೂಗಿದರು: "ಹ್ವಾದ್ಲೇನ ಇನ್ನೂ ಅದಾಳೋ? ಬಸ್ಸಿನಾಂವ ಏನ್ ಇಕಿ ಮಾವಾ ಏನ್, ನಿಲ್ಲಾಕ?"

ಚಿಕ್ಕೋಡಿಗೆ ಇಪ್ಪತ್ತರ ಮೇಲೆ ಕಿಲೋಮೀಟರು, ಇಬ್ಬರಿಗೆ ಆರು ರೂಪಾಯಿ. ತಹಸೀಲ್ದಾರ ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆವು. ಕಚೇರಿ ಕೆಲಸಕ್ಕೆ ಯಾವಾಗಲೂ ಮೊದಲ ಗಿರಾಕಿಯಾಗಿ ಹೋಗಬೇಕು. ಆ ಹೊತ್ತಿಗೆ ಗುಮಾಸ್ತರಿಗೆ ಇನ್ನೂ ಯಾರ ಮೇಲೂ ಸಿಟ್ಟು ಬಂದಿರುವುದಿಲ್ಲ. ವೇತನದ ಅರ್ಜಿ ನೋಡುವವರು ಸೌಮ್ಯ ಮನುಷ್ಯರು. "ಡಾಕ್ಟರ್ ಬರದದ್ದನ್ನ ನಾ ತಿದ್ದಾಕ ಬರೂದಿಲ್ರಿ. ಜನ್ಮದ್ದು ಇಲ್ಲಾ ಸಾಲಿದು ದಾಖಲೆ ತರ್ರಿ, ಅದು ನಡೀತೈತಿ. ಅಜ್ಜಿ, ಸಾಲಿ ಕಲತೀರೇನ್ರಿ?" ಎಂದು ಕೇಳಿದರು.

ಕಾಕು ತಲೆಯ ಸೆರಗು ಸರಿಮಾಡಿಕೊಂಡು, "ಎರಡ ವರ್ಷ ಹೋಗೇನ್ರಿ. ಕಾಗವಾಡದಾಗ, ಮರಾಠಿ ಸಾಲಿ" ಅಂದರು. ನನಗೂ ಅದು ಅವತ್ತೇ ಗೊತ್ತಾದದ್ದು.

ಮುಂದಿನ ಬಸ್ಸು ಅಂಕಲಿಯ ಮೇಲಿಂದ. ಬಲಗಡೆ ಕಿಟಕಿಯ ಸೀಟು ಹಿಡಿದರೆ ಮಧ್ಯಾಹ್ನದ ಬಿಸಿಲು ತಗಲುತ್ತದೆಂದು ಎಡಗಡೆ ಕೂತೆವು. ಅಂಕಲಿಯಲ್ಲಿ ಒಬ್ಬಳು ಪೇರಲಹಣ್ಣು ಮಾರಲು ಬಂದಳು. ರೂಪಾಯಿಗೆ ನಾಲ್ಕು ಎಂದಳು, ಆರಕ್ಕೆ ಒಪ್ಪಿಸಿದೆ. ಕಾಕು ಎರಡು ತಿಂದು ನಾಲ್ಕನ್ನು ಸೆರಗಿಗೆ ಕಟ್ಟಿಕೊಂಡರು. "ಅಕ್ಕಾಗ ಬೀಜ ತಗದ ಕೊಟ್ರ ತಿಂತಾಳ" ಅಂದರು. ಕೃಷ್ಣೆಯ ಸೇತುವೆ ದಾಟುವಾಗ ಬಸ್ಸಿನವರೆಲ್ಲ ನದಿಗೆ ಕೈ ಮುಗಿದರು, ಕೆಲವರು ನಾಣ್ಯ ಒಗೆದರು. ಕಾಕು ಕೈ ಮುಗಿದು, "ಈಗ ಎಡಮಗ್ಗಲಕ್ಕ ಹೊರಳಿಸೂ ಹೊತ್ತು" ಅಂದರು. ಅವರು ನದಿ ನೋಡಲಿಲ್ಲ, ನನ್ನ ಗಡಿಯಾರ ನೋಡಿದರು.

ಕಾಗವಾಡ ತಲುಪಿದಾಗ ಎರಡು ಗಂಟೆ. ದ್ರಾಕ್ಷಿ ಕೊಯ್ಲಿನ ಕಾಲ. ಬಸ್ ನಿಲ್ದಾಣದ ತುಂಬ ಪೆಟ್ಟಿಗೆಗಳು, ಹುಳಿಸಿಹಿ ವಾಸನೆ. ಶಾಲೆಗೆ ಹೋದರೆ ಹೆಡ್‌ಮಾಸ್ತರರು ಹೊಸಬರು, ವಯಸ್ಸಾದವರು ಬಂದಿದ್ದಾರೆಂದು ಕುರ್ಚಿ ಹಾಕಿಸಿದರು. "ಸುಶೀಲಾ ಅಂತ ಹೆಸರು" ಎಂದು ನಾನು ಶುರುಮಾಡಿದೆ. ಕಾಕು ನನ್ನ ತೋಳು ಜಗ್ಗಿದರು.

"ಅದು ಲಗ್ನದಾಗ ಇಟ್ಟ ಹೆಸರೋ. ಇಲ್ಲಿ ನಾ ಹೌಸಾ."

ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವುದು ಎಲ್ಲರಿಗೂ ಗೊತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಆದರೂ ಇಷ್ಟು ವರ್ಷ ಅವರ ರೊಟ್ಟಿ ತಿಂದು ಅವರ ಮೊದಲಿನ ಹೆಸರು ಕೇಳಿರಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಸರಕಿನ ಮೂಲ ಕೇಳದೆ ಒಂದು ಹಗ್ಗವನ್ನೂ ಕೊಂಡವನಲ್ಲ ನಾನು.

ಹಳೆಯ ದಾಖಲೆ ತಗಡಿನ ಟ್ರಂಕಿನಲ್ಲಿತ್ತು. ತೆಗೆದು ನೋಡಿದರೆ ಪೂರಾ ಮೋಡಿ ಲಿಪಿ. ಹಿಂದಿನ ಕಾಲದ ಮರಾಠಿ ಬರಹ, ಅಕ್ಷರಕ್ಕೆ ಅಕ್ಷರ ಕೊಂಡಿ ಹಾಕಿಕೊಂಡಿತ್ತು. ಹೆಡ್‌ಮಾಸ್ತರರು ಕೈಚೆಲ್ಲಿದರು. ಊರಲ್ಲಿ ಅದನ್ನು ಓದುವವರು ನಿವೃತ್ತ ಮಾಸ್ತರರೊಬ್ಬರೇ, ಅವರು ಬೆಳಿಗ್ಗೆ ಸಿಗುತ್ತಾರೆ ಎಂದರು. ಆ ರಾತ್ರಿ ಕಾಕುವಿನ ಅಣ್ಣನ ಮಗನ ಮನೆಯಲ್ಲಿ ಉಳಿದೆವು. ಜುಣಕ, ರೊಟ್ಟಿ, ಕೆನೆಮೊಸರು. ಮನೆಯ ಸಣ್ಣವರೂ ದೊಡ್ಡವರೂ "ಹೌಸಾತ್ಯಾ, ಹೌಸಾತ್ಯಾ" ಎಂದು ಅತ್ತೆಯನ್ನೇ ಸುತ್ತುತ್ತಿದ್ದರು. ಹತ್ತು ರೂಪಾಯಿಯ ಪೇಢೆಗೆ ಇಷ್ಟು ಲಾಭ ಬೇರೆ ಯಾವ ವ್ಯಾಪಾರದಲ್ಲೂ ನಾನು ಕಂಡಿಲ್ಲ.

ಮರುದಿನ ನಿವೃತ್ತ ಮಾಸ್ತರರು ದಪ್ಪ ಕನ್ನಡಕ ಹಾಕಿಕೊಂಡು ಶಾಲೆಗೆ ಬಂದರು. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತ ಹೋದರು. ಅರ್ಧ ತಾಸಿನ ಮೇಲೆ ಒಂದು ಕಡೆ ನಿಂತರು. "ಹಾಂ. ಹೌಸಾ, ಬಾಪ ಬಾಳಪ್ಪಾ. ನಿಮ್ಮ ಅಪ್ಪಾನ ಹೆಸರು ಅದ ಅಲ್ರಿ?" ಕಾಕುವಿನ ಮುಖ ಅರಳಿತು. ಮಾಸ್ತರರು ಜನ್ಮದ ತಾರೀಖು ಓದಿ, ಬೆರಳಲ್ಲಿ ಎಣಿಸಿ, ಇನ್ನೊಮ್ಮೆ ಎಣಿಸಿದರು.

"ಅರವತ್ತೆರಡು ತುಂಬ್ಯಾವ ನಿಮಗ."

"ಎಲ್ಲೀದ್ರಿ! ಪ್ಲೇಗಿನ ವರ್ಷದಾಕಿ ನಾ. ಗುಡಸಲದಾಗ ಹುಟ್ಟೇನಿ" ಎಂದರು ಕಾಕು.

"ಅಕ್ಕಾರ, ಪ್ಲೇಗು ಒಮ್ಮೆ ಬಂದ ಹೋತೇನ್ರಿ? ನಮ್ಮ ಮಂದಿ ಎಷ್ಟ ಸಲ ಗುಡಸಲಾ ಹಾಕ್ಯಾರ, ಎಷ್ಟ ಸಲ ಕಿತ್ಯಾರ! ನಿಮ್ಮವ್ವ ಹೇಳಿದ್ದು ಖರೇನ ಐತಿ. ನೀವು ಹಿಡದದ್ದು ಮೊದಲಿನ ಪ್ಲೇಗು. ನೀವು ಹುಟ್ಟಿದ್ದು ಆಮ್ಯಾಲ ಬಂದದ್ದಕ್ಕ."

ಹಲ್ಲು ನೋಡಿದ ಡಾಕ್ಟರರೇ ಹತ್ತಿರ ಬಂದಿದ್ದರು. ನಾನು ಮಾಸ್ತರರನ್ನು ಬದಿಗೆ ಕರೆದು ಮೆಲ್ಲಗೆ, "ಸರ್, ಇದನ್ನ ಓದವರು ನೀವೊಬ್ಬರ. ಆರ ವರ್ಷ ಹಿಂದ ಓದಿದ್ರ ಯಾರಿಗೆ ತಿಳೀತೈತ್ರಿ?" ಎಂದೆ.

"ನನಗ ತಿಳೀತೈತಲ್ಲೋ" ಎಂದರು ಅವರು. ಸಿಟ್ಟಾಗಲಿಲ್ಲ, ಬೆನ್ನು ಚಪ್ಪರಿಸಿದರು. "ಯಾತಕ್ಕ ಬೇಕಾಗೈತಿ ಅದನ್ನ ಹೇಳು ಮೊದಲ."

ಹೇಳಿದೆ. ಹಾಸಿಗೆ ಹಿಡಿದ ಅಕ್ಕಾತಾಯಿ, ಕಾಕುವಿನ ಸೊಂಟ, ಹಸೀನಾ, ಯುಗಾದಿಗೆ ಬರುವ ಹುಡುಗ, ಎಲ್ಲವನ್ನೂ. ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಂಬತ್ತು ದಾಟಿದಾಕಿ ಮನ್ಯಾಗ ಮಲಗ್ಯಾಳ, ಗಂಡ ಇಲ್ಲ, ಮಗ ಇಲ್ಲ. ನೀ ಅರವತ್ತೆರಡರಾಕಿನ್ನ ಕರಕೊಂಡ ಊರೂರ ತಿರಗಾಕತ್ತೀದಿ. ಆಕಿ ಹೆಸರ್ಲೆ ಅರ್ಜಿ ಹಾಕಿಲ್ಲ ಯಾಕ?"

ನಿಜ ಹೇಳಬೇಕೆಂದರೆ ಅಕ್ಕಾತಾಯಿಯನ್ನು ನಾನು ಖರ್ಚಿನ ಬದಿಗೆ ಬರೆದುಬಿಟ್ಟಿದ್ದೆ. ಉತ್ತರ ಕೊಟ್ಟವರು ಎದ್ದು ಹತ್ತಿರ ಬಂದ ಕಾಕು. "ಆಕಿ ಮನಿ ಮಗಳ್ರಿ. ಆ ಫಾರ್ಮಿನ್ಯಾಗ 'ನೋಡವರು ಯಾರೂ ಇಲ್ಲ' ಅಂತ ಬರಸಬೇಕಂತ. ನಾ ಇರಾಗ ಆಕಿಗೆ ಯಾರೂ ಇಲ್ಲಂತ ಹೆಂಗ ಬರಸ್ಲಿ? ನನಗ ಬರಸ್ರಿ. ನಾ ಹೊರಗಿಂದ ಬಂದಾಕಿ, ನಡೀತೈತಿ."

ಮದುವೆಯಾಗಿ ನಲವತ್ತು ವರ್ಷ ಮೀರಿ ಆ ಮನೆ ನಡೆಸಿದವರು ಇದನ್ನು ಹೇಳಿದ್ದು. ಮಾಸ್ತರರು ಕನ್ನಡಕ ಮತ್ತೆ ಏರಿಸಿಕೊಂಡು, "ಸರಕಾರ ಕೇಳೂದು ದುಡಿಯೂ ಮಗ ಅದಾನೇನಂತ, ಅಕ್ಕಾರ. ಪ್ರೀತಿ ಮಾಡವರು ಅದಾರೇನಂತ ಅಲ್ಲ. ಅದಕ್ಕ ಆ ಫಾರ್ಮಿನ್ಯಾಗ ಖಾನೀನ ಇಲ್ಲ" ಎಂದರು.

ಬಂದ ದಾರಿ ವ್ಯರ್ಥ ಮಾಡಬಾರದೆಂದು ಹೌಸಾ ಹೆಸರಿನ ಜನ್ಮದಾಖಲೆಯ ನಕಲಿಗೆ ಹೆಡ್‌ಮಾಸ್ತರರಿಂದ ಸಹಿ, ಶಿಕ್ಕೆ ಹಾಕಿಸಿಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ಕಾಕು, ಅಂಕಲಿ ದಾಟಿದ ಮೇಲೆ, "ಆಕಿಗೆ ನೀನ ಹೇಳು. ನನ್ನ ಬಾಯಿಲೆ ಬರೂದಿಲ್ಲ" ಎಂದರು.

ಸಂಜೆ ಸದಲಗಾದಲ್ಲಿ ನಾನೇ ಹಾಸಿಗೆಯ ಹತ್ತಿರ ಕೂತು ಹೇಳಿದೆ. ಸುತ್ತಿ ಬಳಸಿ, ಮನೆತನ, ಮಾನ, ಕಾನೂನು ಎಲ್ಲ ಸೇರಿಸಿ ಹೇಳಿದೆ. ಕಾಕು ಬಾಗಿಲ ಹಿಂದೆ ನಿಂತಿದ್ದರು. ಅಕ್ಕಾತಾಯಿ ಪೂರಾ ಕೇಳಿ, "ಇಷ್ಟಕ್ಕ ಕಾಗವಾಡಕ್ಕ ಹೋಗಿದ್ರೇನು?" ಅಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಬಾ ಬೇ ಒಳಗ. ಕಾಗದದಾಗ ಯಾರೂ ಇಲ್ಲಂತ ಬರದ್ರ ನೀ ಎಲ್ಲಿ ಹೊಕ್ಕಿ? ನಾಳೆ ಬೆಳಕ ಹರದ್ರ ಮತ್ತ ನೀನ ಬಂದ ಎಬ್ಬಸಾಕಿ. ಬರಸ್ರಿ. ನನ್ನ ಹೆಬ್ಬಟ್ಟ ಎರಡ ವರ್ಷದಿಂದ ಖಾಲೀನ ಕುಂತೈತಿ" ಎಂದರು.

ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಅಕ್ಕಾತಾಯಿಯನ್ನು ಡಾಕ್ಟರರಿಗೆ ತೋರಿಸಿದೆವು. ಅವರು ಗಾಡಿಯ ಹತ್ತಿರಕ್ಕೇ ಬಂದರು. ಬಾಯಿ ತೆರೆಸುವ ಪ್ರಸಂಗ ಬರಲಿಲ್ಲ. ಅಕ್ಕಾತಾಯಿ ಬೊಚ್ಚುಬಾಯಿ ಬಿಟ್ಟು ನಕ್ಕರು, ಅಷ್ಟಕ್ಕೇ ಡಾಕ್ಟರರು ಎಂಬತ್ತು ಎಂದು ಬರೆದರು. ಯುಗಾದಿಗೆ ಇಚಲಕರಂಜಿಯ ಹುಡುಗ ಬಂದ. ಅಷ್ಟರಲ್ಲಿ ಮಂಜೂರಿಯ ಕಾಗದ ಬಂದಿರಲಿಲ್ಲ, ಆದರೂ ಅರ್ಜಿಯ ಸ್ವೀಕೃತಿ ಚೀಟಿ ತೋರಿಸಿ, ನನ್ನ ಜವಾಬ್ದಾರಿಯೆಂದು ಹೇಳಿ, ಹೋಳಿಗೆ ಉಣ್ಣಿಸಿ ಒಬ್ಬನನ್ನೇ ಕಳಿಸಿದೆವು. ಮಳೆಗಾಲದ ಮೊದಲು ಪೋಸ್ಟಿನವನು ಮೊದಲ ಮನಿಆರ್ಡರ್ ತಂದ. ಅವತ್ತಿನಿಂದ ಹಸೀನಾ ಎರಡು ಹೊತ್ತು ಬಂದಳು. ಕಾಕುವಿನ ಸೊಂಟ ನೆಟ್ಟಗಾಗಲಿಲ್ಲ. ಇನ್ನಷ್ಟು ಬಾಗುವುದು ನಿಂತಿತು.

ನಿಮ್ಮ ಮನೆಯಲ್ಲೂ ಇಂಥ ಕೆಲಸವಿದ್ದರೆ ಇಷ್ಟು ಕೇಳಿರಿ. ವಯಸ್ಸನ್ನು ಪ್ಲೇಗಿನಿಂದಲೋ ಮಹಾಪೂರದಿಂದಲೋ ಎಣಿಸುವುದಾದರೆ ಅದು ಯಾವ ಸಲದ್ದು ಎಂದು ಮೊದಲು ಗಟ್ಟಿಮಾಡಿಕೊಳ್ಳಿ. ಹೆಣ್ಣುಮಕ್ಕಳ ತವರಿನ ಹೆಸರು ಕೇಳಿ ಬರೆದಿಡಿ. ಸಿಕ್ಕ ಕಾಗದ ಇವತ್ತು ಉಪಯೋಗಕ್ಕೆ ಬರದಿದ್ದರೂ ಒಗೆಯಬೇಡಿ. ಕಾಕುವಿನ ನಕಲು ಮೂರು ವರ್ಷದ ಮೇಲೆ ಅವರದೇ ಅರ್ಜಿಗೆ ಕೆಲಸಕ್ಕೆ ಬಂತು. ಮನಿಆರ್ಡರಿನ ಹಣ ಹಿರಿಯರ ಅಂಗೈಯಲ್ಲಿ ಎಣಿಸಿ ಇಟ್ಟಮೇಲೆಯೇ ಹೆಬ್ಬೆಟ್ಟು ಒತ್ತಿಸಿ. ಎಲ್ಲಕ್ಕೂ ಮೊದಲು, ಬಸ್ಸು ಹತ್ತುವುದಕ್ಕೂ ಮೊದಲು, ಹಾಸಿಗೆಯಲ್ಲಿ ಮಲಗಿದವರನ್ನೇ ಕೇಳಿರಿ. ಕಿವಿ ಮಂದವಿದ್ದರೆ ಇನ್ನೊಮ್ಮೆ ಜೋರಾಗಿ ಕೇಳಿರಿ.