ಮುಂಬಾಗಿಲಿನಿಂದ ಬಂದ ಬಾವಲಿ

ಮಿತ್ರರೇ, ನಮ್ಮ ಅಟ್ಟದ ಬಾವಲಿ ವಂಶವನ್ನು ಗಡೀಪಾರು ಮಾಡುವ ಮಹಾಕಾರ್ಯ ಇಂದು ಸಂಜೆ ನೆರವೇರಿತು. ನಾಳೆ ಅಕ್ಕನನ್ನು ನೋಡಲು ಜಡೆ ಊರಿನಿಂದ ಗಂಡಿನವರು ಬರುತ್ತಾರೆ. ಬಾವಲಿ ಹಿಕ್ಕೆಯ ನಾತಕ್ಕೆ ಅವರು ಓಡಿಹೋಗಬಾರದಲ್ಲ! ಬಾವಲಿಗಳು ಹೊರಗೆ ಹಾರಿದ್ದೇ ತಡ, ನಾನೂ ಅಪ್ಪನೂ ಹೆಂಚಿನ ಸಂದಿಗೆಲ್ಲ ಜಾಲರಿ ಬಡಿದೆವು. ಕೆಳಗಿಳಿದು ನೋಡಿದರೆ ನಡುಮನೆಯಲ್ಲಿ ಒಂದು ಬಾವಲಿ ಪ್ರದಕ್ಷಿಣೆ ಹಾಕುತ್ತಿದೆ! ಅಜ್ಜಿ ದೀಪ ಹಚ್ಚಿ, ಲಕ್ಷ್ಮಿ ಬರಲೆಂದು ಮುಂಬಾಗಿಲು ತೆರೆದಿಟ್ಟಿದ್ದರು.

"ಹಿತ್ಲ ಬಾಗ್ಲೂ ತೆಗಿಯವ್ವಾ, ಹೋಗ್ಲಿ ಅದು" ಎಂದರು ಅಪ್ಪ.

"ದೀಪದ ಹೊತ್ನಾಗೆ ಹಿತ್ಲ ಬಾಗ್ಲು ತೆಗಿಬಾರ್ದು. ಲಕ್ಷ್ಮಿ ಹೋಗ್ಬಿಡ್ತಾಳೆ" ಎಂದರು ಅಜ್ಜಿ.

"ಈಗ ಬಂದಿರೋದು ಲಕ್ಷ್ಮಿ ಅಲ್ಲಜ್ಜಿ" ಎಂದೆ.

"ನೀ ಸುಮ್ನಿರಲೇ!"

ಈ ವಾದದ ನಡುವೆ ಬಾವಲಿ ಹೋಗಿ, ಅಕ್ಕ ನಾಳೆಗೆಂದು ಇಸ್ತ್ರಿ ಮಾಡಿ ತೂಗುಹಾಕಿದ್ದ ಸೀರೆಯನ್ನು ಹಿಡಿದುಕೊಂಡಿತು. ಅಕ್ಕ ಅಳುತ್ತಿದ್ದಾಳೆ.

ಜಡೆಯ ಗಂಡಿಗೆ ಸವಿನಯ ವಿನಂತಿ: ಬೇಗ ಬನ್ನಿ, ನಿಮ್ಮ ಪ್ರತಿಸ್ಪರ್ಧಿ ತಲೆಕೆಳಗಾಗಿ ನೇತಾಡುತ್ತಾ ಕಾಯುತ್ತಿದ್ದಾನೆ.